ಪೆಟ್ಟಿಗೆ ತುಂಬಿದೆ, ಮನಸ್ಸು ಹೊರಟಿಲ್ಲ

ಜರ್ಮನಿಯಲ್ಲಿ ವಿನಿಮಯ ವಿದ್ಯಾರ್ಥಿಗಳಾಗಿ ವರ್ಷ ಮುಗಿಸುತ್ತಿರುವವರಿಂದ ಮತ್ತು ಅವರ ಮನೆಯವರಿಂದ ಬಂದ ನಾಲ್ಕು ಪತ್ರಗಳಿಗೆ ಈ ಸಲ ಉತ್ತರ.

ಪ್ರಶ್ನೆ: ಮೈಸೂರಿನ ಇಂಜಿನಿಯರಿಂಗ್ ಕಾಲೇಜಿನಿಂದ ಸ್ಟುಟ್‌ಗಾರ್ಟ್‌ಗೆ ಬಂದು ಹತ್ತು ತಿಂಗಳಾಯಿತು. ಆಗಸ್ಟ್ ಕೊನೆಗೆ ವಾಪಸ್. ಅಮ್ಮನ ಕೈಯಡುಗೆ ನೆನೆದರೆ ನಾಳೆಯೇ ಹೊರಡೋಣ ಅನ್ನಿಸುತ್ತದೆ. ಹಾಸ್ಟೆಲಿನ ಅಡುಗೆಮನೆಯಲ್ಲಿ ಗೆಳೆಯರು ಸೇರಿದರೆ ಟಿಕೆಟ್ ಹರಿದು ಹಾಕೋಣ ಅನ್ನಿಸುತ್ತದೆ. ಎರಡು ವಾರದಿಂದ ಅದೇ ಗೆಳೆಯರ ಮೇಲೆ ಕಾರಣವಿಲ್ಲದೆ ಸಿಡುಕುತ್ತಿದ್ದೇನೆ. ನನಗೇನಾಗಿದೆ?

ಉತ್ತರ: ಸಿಡುಕಿನಿಂದಲೇ ಶುರು ಮಾಡೋಣ. ಅಗಲುವ ದಿನ ಹತ್ತಿರ ಬಂದಾಗ ಹೀಗಾಗುವುದು ತೀರಾ ಸಾಮಾನ್ಯ. ಮುನಿಸಿಕೊಂಡು ಹೊರಟರೆ ನೋವು ಕಡಿಮೆ ಎಂದು ಮನಸ್ಸು ಒಳಗೊಳಗೇ ಲೆಕ್ಕ ಹಾಕುತ್ತದೆ. ಲೆಕ್ಕ ತಪ್ಪು: ಆ ಮುನಿಸು ನಿಮ್ಮ ಜೊತೆ ವಿಮಾನ ಹತ್ತುತ್ತದೆ, ಬಿಡಿಸಿಕೊಳ್ಳಲು ಎದುರಿಗೆ ಆ ಮನುಷ್ಯ ಇರುವುದಿಲ್ಲ. ಯಾರ ಜೊತೆ ಮಾತು ಕೆಟ್ಟಿದೆಯೋ ಅವರೊಂದಿಗೆ ಹೊರಡುವುದಕ್ಕೆ ಮೂರು ವಾರ ಮೊದಲೇ ಮಾತಾಡಿ. ಕೊನೆಯ ದಿನ ಕೇಳಿದ ಕ್ಷಮೆ ಅವಸರದ್ದಾಗುತ್ತದೆ.

ಇನ್ನು ಎರಡೂ ಕಡೆ ಎಳೆಯುವ ಮನಸ್ಸು. ಮೈಸೂರು ಬಿಟ್ಟು ಬಂದಾಗ ಮೈಸೂರು ಅಲ್ಲೇ ಉಳಿದಿತ್ತು. ಈ ಅಡುಗೆಮನೆ ಹಾಗೆ ಉಳಿಯದು. ಬೇಸಿಗೆ ಸೆಮಿಸ್ಟರಿನ ಪಾಠಗಳು ಜುಲೈನಲ್ಲಿ ಮುಗಿಯುತ್ತಲೇ ಒಬ್ಬೊಬ್ಬರಾಗಿ ಹೊರಡುತ್ತಾರೆ, ಅಕ್ಟೋಬರಿಗೆ ಅದೇ ಮೇಜಿನ ಸುತ್ತ ಬೇರೆ ಮುಖಗಳು. ನೀವು ಮತ್ತೆ ಬಂದರೂ ಸಿಗುವುದು ಆ ಊರು ಮಾತ್ರ. ಅಮ್ಮನ ಅಡುಗೆಯ ಆಸೆಗೂ ಈ ದುಃಖಕ್ಕೂ ಜಗಳವಿಲ್ಲ, ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬಹುದು. ಅಮ್ಮನಿಗೆ ಫೋನಿನಲ್ಲಿ ಬರೀ ‘ಖುಷಿ’ ಎಂದು ಹೇಳುವ ಅಗತ್ಯವೂ ಇಲ್ಲ. ಈಗಲೇ ನಿಜ ಹೇಳಿದರೆ ಸೆಪ್ಟೆಂಬರಿನಲ್ಲಿ ನಿಮ್ಮ ಸಪ್ಪೆ ಮುಖ ಕಂಡು ಅವರು ಗಾಬರಿಯಾಗುವುದಿಲ್ಲ.

ಮಾಡಬೇಕಾದ ಮೊದಲ ಕೆಲಸ, ಯಾರು ಯಾವ ದಿನ ಹೊರಡುತ್ತಾರೆ ಎಂದು ಬರೆದು ಅಡುಗೆಮನೆಯ ಫ್ರಿಜ್ಜಿಗೆ ಅಂಟಿಸುವುದು. ಬಹಳ ಮಂದಿ ತಮ್ಮ ಟಿಕೆಟ್ಟಿನ ದಿನವನ್ನೇ ನೋಡುತ್ತಾ ಕೂತು, ಜುಲೈನಲ್ಲೇ ಹೊರಟವರಿಗೆ ಸರಿಯಾಗಿ ವಿದಾಯ ಹೇಳದೆ ಉಳಿಯುತ್ತಾರೆ. ಬೀಳ್ಕೊಡುಗೆ ಊಟವನ್ನು ಎಲ್ಲರೂ ಇರುವ ದಿನವೇ ಇಟ್ಟುಕೊಳ್ಳಿ. ಕೊನೆಯ ರಾತ್ರಿಗೆ ಬೇಡ, ಅದು ನೆಲ ಒರೆಸುವ, ಪೆಟ್ಟಿಗೆ ತೂಗುವ ರಾತ್ರಿ. ಬಿಸಿಬೇಳೆಬಾತ್ ಮಾಡುವುದಾದರೆ ಹತ್ತು ಜನಕ್ಕೆ 600 ಗ್ರಾಂ ಅಕ್ಕಿ, 450 ಗ್ರಾಂ ತೊಗರಿಬೇಳೆ ಸಾಕು. ಕುಕ್ಕರ್ ಇಲ್ಲದಿದ್ದರೆ ಬೇಳೆಯನ್ನು ಎರಡು ಗಂಟೆ ನೆನೆಸಿ. ಅದು ಪೂರ್ತಿ ಬೆಂದ ಮೇಲೆಯೇ ಹುಣಸೆರಸ ಹಾಕಿ, ಮೊದಲೇ ಹುಳಿ ಬಿದ್ದರೆ ಬೇಳೆ ಕರಗದೆ ಗಟ್ಟಿಯಾಗಿಯೇ ಉಳಿಯುತ್ತದೆ. ಪುಡಿ ಮನೆಯಲ್ಲಿ ಹಾಕುವುದರ ಅರ್ಧ ಹಾಕಿ. ಒಗ್ಗರಣೆಗೆ ಮುಂಚೆ ಕಿಟಕಿ ತೆರೆದು ಕಾರಿಡಾರಿನ ಬಾಗಿಲು ಮುಚ್ಚಿ. ಮೆಣಸಿನಕಾಯಿ ಘಾಟಿಗೆ ಬೆಂಕಿಯ ಅಲಾರಾಂ ಕೂಗಿಕೊಂಡರೆ ಇಡೀ ಕಟ್ಟಡ ರಸ್ತೆಗಿಳಿಯುತ್ತದೆ. (ಅದೂ ನೆನಪಿನಲ್ಲಿ ಉಳಿಯುವ ಬೀಳ್ಕೊಡುಗೆಯೇ, ಆದರೆ ಬೇಡ.)

ಫೋಟೊಗಳು ಕೋಟೆ, ಚರ್ಚುಗಳದ್ದು ಈಗಾಗಲೇ ಸಾಕಷ್ಟಿರುತ್ತವೆ. ಬಟ್ಟೆ ಒಗೆಯುವ ಕೋಣೆ, ಟ್ರಾಮ್ ನಿಲ್ದಾಣ, ಖಾಲಿ ಬಾಟಲಿ ಹಾಕಿದರೆ 25 ಸೆಂಟ್ ಕೊಡುವ ಯಂತ್ರ, ಇವನ್ನು ತೆಗೆದುಕೊಳ್ಳಿ. ಆರು ತಿಂಗಳ ನಂತರ ಹುಡುಕುವುದು ಇವನ್ನೇ.

‘ಟಚ್‌ನಲ್ಲಿರೋಣ’ ಎಂಬ ಮಾತು ಎರಡು ತಿಂಗಳು ಬಾಳುವುದಿಲ್ಲ. ದಿನ, ಹೊತ್ತು ಗೊತ್ತು ಮಾಡಿ: ತಿಂಗಳ ಮೊದಲ ಭಾನುವಾರ, ಜರ್ಮನಿಯಲ್ಲಿ ಸಂಜೆ 4, ಭಾರತದಲ್ಲಿ 7.30. ಅಕ್ಟೋಬರಿನ ಕೊನೆಯ ಭಾನುವಾರ ಯುರೋಪಿನ ಗಡಿಯಾರ ಒಂದು ಗಂಟೆ ಹಿಂದೆ ಸರಿಯುತ್ತದೆ, ಆಮೇಲೆ ಭಾರತದಲ್ಲಿ 8.30. ನವೆಂಬರಿನ ಕರೆ ಎಷ್ಟೋ ಗುಂಪುಗಳಲ್ಲಿ ತಪ್ಪುವುದು ಇದರಿಂದಲೇ. ‘ಯಾರೂ ಬರಲಿಲ್ಲ’ ಎಂದು ಆಗ ಬೇಸರಪಟ್ಟುಕೊಳ್ಳಬೇಡಿ.

ಪ್ರಶ್ನೆ: ರೂಮು ಖಾಲಿ ಮಾಡಬೇಕು. ಮುಂಗಡ ಹಣ ವಾಪಸ್ ಬರುತ್ತದೆಯೇ? ಯಾವ ಯಾವ ಕಾಗದ ಮುಗಿಸಬೇಕು?

ಉತ್ತರ: ಮೊದಲು ಬಾಡಿಗೆ ಕರಾರು ತೆಗೆದು ನೋಡಿ. ಅವಧಿ ನಮೂದಾಗಿದ್ದರೆ ಆ ದಿನಕ್ಕೆ ತಾನೇ ಮುಗಿಯುತ್ತದೆ. ಅವಧಿ ಇಲ್ಲದ ಸಾಮಾನ್ಯ ಬಾಡಿಗೆ ಕರಾರಿಗೆ ಮೂರು ತಿಂಗಳ ನೋಟಿಸ್, ಅದೂ ತಿಂಗಳ ಮೂರನೆಯ ಕೆಲಸದ ದಿನದೊಳಗೆ ಮಾಲೀಕರ ಕೈ ಸೇರಿದರೆ ಮಾತ್ರ ಆ ತಿಂಗಳು ಲೆಕ್ಕಕ್ಕೆ ಬರುತ್ತದೆ. ಇಮೇಲ್ ನಡೆಯುವುದಿಲ್ಲ, ಶಾಯಿಯಲ್ಲಿ ಸಹಿ ಹಾಕಿದ ಕಾಗದವೇ ಬೇಕು. ವಿದ್ಯಾರ್ಥಿ ಹಾಸ್ಟೆಲುಗಳಿಗೆ ನಿಯಮ ಬೇರೆ ಇರಬಹುದು, ಕರಾರಿನಲ್ಲಿ ಇದ್ದದ್ದೇ ನಿಮಗೆ ಆಧಾರ.

ನಂತರ ನಗರಾಡಳಿತದ ಕಚೇರಿಯಲ್ಲಿ ‘ಆಬ್‌ಮೆಲ್ಡುಂಗ್’, ಅಂದರೆ ನಿವಾಸಿಗಳ ಪಟ್ಟಿಯಿಂದ ಹೆಸರು ತೆಗೆಸುವುದು. ಮನೆ ಬಿಡುವುದಕ್ಕೆ ಒಂದು ವಾರ ಮೊದಲಿಂದ ಬಿಟ್ಟ ಎರಡು ವಾರದೊಳಗೆ ಇದನ್ನು ಮಾಡಬೇಕು. ಅವರು ಕೊಡುವ ಪತ್ರದ ಮೂರು ನಕಲು ಇಟ್ಟುಕೊಳ್ಳಿ. ಆರೋಗ್ಯ ವಿಮೆ ನಿಲ್ಲಿಸಲು ಅದು ಬೇಕು, ಬ್ಯಾಂಕಿಗೂ ಬೇಕಾಗಬಹುದು. ರೇಡಿಯೊ-ಟಿವಿ ಶುಲ್ಕ ನಿಮ್ಮ ಹೆಸರಿನಲ್ಲಿದ್ದರೆ ಅದನ್ನು ನಿಲ್ಲಿಸಲೂ ಇದೇ ಪತ್ರ. ಈ ಶುಲ್ಕ ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೊ. ನಗರದ ಕಚೇರಿಯಲ್ಲಿ ಹೆಸರು ತೆಗೆಸಿದರೆ ಅದೂ ನಿಂತುಹೋಗುತ್ತದೆ ಎಂದು ಸುಮ್ಮನಿದ್ದರೆ ಬಿಲ್ ಬೆಳೆಯುತ್ತಲೇ ಇರುತ್ತದೆ.

ಮುಂಗಡ ಹೆಚ್ಚೆಂದರೆ ಮೂರು ತಿಂಗಳ ಮೂಲ ಬಾಡಿಗೆಯಷ್ಟು ಇರುತ್ತದೆ, ಅದು ಅಂದೇ ಕೈಗೆ ಬರುವುದಿಲ್ಲ, ಕೆಲವು ತಿಂಗಳೇ ಹಿಡಿಯಬಹುದು. ಹಾಗಾಗಿ ಬ್ಯಾಂಕ್ ಖಾತೆಯನ್ನು ಕಡೆಗೆ ಮುಚ್ಚಿ. ಭಾರತದ ಖಾತೆಗಳಿಗೆ ಐಬಿಎಎನ್ (ಯುರೋಪಿನ ಬ್ಯಾಂಕುಗಳು ಬಳಸುವ ಅಂತರರಾಷ್ಟ್ರೀಯ ಖಾತೆ ಸಂಖ್ಯೆ) ಇಲ್ಲ, ಮಾಲೀಕರ ನಮೂನೆಯಲ್ಲಿ ಆ ಅಂಕಣ ಖಾಲಿ ಬಿಟ್ಟರೆ ಹಣ ಅಲ್ಲೇ ನಿಲ್ಲುತ್ತದೆ. ಕೀಲಿ ಒಪ್ಪಿಸುವ ದಿನ ಗೋಡೆ, ಒಲೆ, ಸ್ನಾನದ ಮನೆಯ ಫೋಟೊ ತೆಗೆದು, ಒಪ್ಪಿಸುವಿಕೆಯ ಪಟ್ಟಿಗೆ ಇಬ್ಬರೂ ಸಹಿ ಮಾಡಿ. ಹಣ ಹಿಡಿಯಲು ಹೆಚ್ಚಾಗಿ ಹೇಳುವ ಕಾರಣಗಳು ಎರಡು: ಸುಣ್ಣಗಟ್ಟಿದ ನಲ್ಲಿ, ಗೋಡೆಯ ಮೊಳೆ ತೂತು. ಮೊದಲನೆಯದಕ್ಕೆ ವಿನೆಗರ್ ಸಾಕು.

ಪ್ರಶ್ನೆ: ಮಗ ಬಂದು ಮೂರು ವಾರವಾಯಿತು. ಕೋಣೆ ಬಿಟ್ಟು ಬರುವುದಿಲ್ಲ. ಹಾರ್ನ್ ಕೇಳಿದರೆ ಕಿವಿ ಮುಚ್ಚುತ್ತಾನೆ, ಮಾತೆತ್ತಿದರೆ ‘ಅಲ್ಲಿ ಹೀಗಿರಲಿಲ್ಲ’. ಗರ್ವ ಬಂದಿದೆಯೇ? – ಹಾಸನದ ಓದುಗರು

ಉತ್ತರ: ಗರ್ವದಂತೆ ಕಾಣುವುದು ನಿಜ. ನಾರ್ವೆಯ ಸಮಾಜವಿಜ್ಞಾನಿ ಸ್ವೆರ್ರೆ ಲಿಸ್‌ಗಾರ್ಡ್ 1955ರಲ್ಲೇ ಪರದೇಶಕ್ಕೆ ಹೋದವರ ಉತ್ಸಾಹ ಮೊದಲು ಇಳಿದು ಆಮೇಲೆ ಏರುವುದನ್ನು ಇಂಗ್ಲಿಷಿನ ‘ಯು’ ಅಕ್ಷರದ ಆಕಾರದಲ್ಲಿ ವಿವರಿಸಿದರು. 1963ರಲ್ಲಿ ಅಮೆರಿಕದ ಸಂಶೋಧಕರಾದ ಗುಲಾಹಾರ್ನ್ ದಂಪತಿ ಅದಕ್ಕೆ ಇನ್ನೊಂದು ‘ಯು’ ಸೇರಿಸಿ ‘ಡಬ್ಲ್ಯು’ ಮಾಡಿದರು: ಊರಿಗೆ ಮರಳಿದ ಮೇಲೆ ಇಳಿತ ಮತ್ತೊಮ್ಮೆ ಬರುತ್ತದೆ. ಎಲ್ಲರಿಗೂ ಇದೇ ಅಚ್ಚಿನಲ್ಲಿ ಆಗುತ್ತದೆಂದಲ್ಲ, ಆದರೆ ನಿಮ್ಮ ಮಗನ ಮೂರು ವಾರ ಇದರೊಳಗೆ ಹೊಂದುತ್ತದೆ. ಹೋಗುವಾಗ ಎಲ್ಲವೂ ಹೊಸದು ಎಂದು ಗೊತ್ತಿತ್ತು. ಬರುವಾಗ ಎಲ್ಲವೂ ತನ್ನದೇ ಎಂದುಕೊಂಡು ಬಂದಿದ್ದಾನೆ, ಅದಕ್ಕೇ ಪೆಟ್ಟು ಜೋರು. ಭಾನುವಾರ ಅಂಗಡಿ ಮುಚ್ಚಿ, ಡ್ರಿಲ್ಲಿಂಗ್ ಕೂಡ ನಿಷಿದ್ಧವಾದ ಊರಿನಿಂದ ಬಂದ ಕಿವಿಗೆ ಹಾಸನದ ಬಸ್ ನಿಲ್ದಾಣ ನಿಜಕ್ಕೂ ಗದ್ದಲವೇ.

‘ಹೇಗಿತ್ತು ಜರ್ಮನಿ?’ ಎಂದು ಕೇಳಿದರೆ ‘ಚೆನ್ನಾಗಿತ್ತು’ ಎಂಬಷ್ಟೇ ಉತ್ತರ ಬರುತ್ತದೆ. ‘ಬೆಳಿಗ್ಗೆ ಏನು ತಿನ್ನುತ್ತಿದ್ದೆ? ಪಕ್ಕದ ರೂಮಿನಲ್ಲಿ ಯಾರಿದ್ದರು?’ ಎಂದು ಕೇಳಿ ನೋಡಿ. ಅಲ್ಲಿ ಮಾಡುತ್ತಿದ್ದ ಒಂದು ಅಡುಗೆ ಮಾಡಿಸಿ, ಉಪ್ಪು ಕಡಿಮೆಯಿದ್ದರೂ ತಿನ್ನಿ. ನೆಂಟರ ಮನೆಗಳ ಸುತ್ತಾಟ ಇನ್ನೆರಡು ವಾರ ಬಿಡಿ. ಹಾಲು, ದಿನಪತ್ರಿಕೆ, ತಂಗಿಯನ್ನು ಟ್ಯೂಷನ್ನಿಗೆ ಬಿಡುವುದು, ಹೀಗೆ ದಿನಕ್ಕೊಂದು ಕೆಲಸ ಅವನ ಪಾಲಿಗಿರಲಿ. ಅತಿಥಿಯಂತೆ ಇಟ್ಟಷ್ಟು ದಿನ ಅತಿಥಿಯಂತೆಯೇ ಇರುತ್ತಾನೆ. ನಿದ್ದೆ, ಊಟ ಎರಡೂ ಕೆಟ್ಟು, ಯಾವುದರಲ್ಲೂ ಆಸಕ್ತಿಯಿಲ್ಲದೆ ಎರಡು ವಾರ ದಾಟಿದರೆ ಮಾತ್ರ ಇದನ್ನು ಊರು ಬದಲಾದ ಬೇಸರ ಎಂದು ತಳ್ಳಿಹಾಕಬೇಡಿ. ಟೆಲಿ-ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಅಲ್ಲಿ ನನಗೆ 2.0 ಬಂದಿದೆ. ಇಲ್ಲಿನ ಕಾಲೇಜಿನವರು ಫೇಲಾ ಎಂದು ಕೇಳುತ್ತಿದ್ದಾರೆ!

ಉತ್ತರ: ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಪಾಸಿನ ಗಡಿ. 2.0 ಎಂದರೆ ‘ಉತ್ತಮ’. ಅಲ್ಲಿ ವಿದೇಶಿ ಅಂಕಗಳಿಗೆ ಬಳಸುವ ಪರಿಷ್ಕೃತ ಬವೇರಿಯನ್ ಸೂತ್ರವನ್ನು ತಿರುಗಿಸಿ ಹಾಕಿದರೆ, ಗರಿಷ್ಠ 10, ಪಾಸು 4 ಇರುವ ಕಾಲೇಜಿನಲ್ಲಿ 1.0 ಎಂದರೆ 10, 2.0 ಎಂದರೆ 8, 3.0 ಎಂದರೆ 6. ಕೊನೆಯ ನಿರ್ಧಾರ ನಿಮ್ಮ ಕಾಲೇಜಿನದು, ಆದರೆ ಅಂಕಪಟ್ಟಿಯ ಜೊತೆ ಶ್ರೇಣಿಯ ವಿವರಣೆ ಮತ್ತು ಪ್ರತಿ ವಿಷಯದ ಪಠ್ಯಕ್ರಮದ ಪುಟ ಲಗತ್ತಿಸಿ ಕೊಡಿ. ಇನ್ನೂ ಅಲ್ಲೇ ಇರುವವರು ಒಂದು ಮಾತು ಗಮನಿಸಿ: ಬೇಸಿಗೆ ಸೆಮಿಸ್ಟರ್ ಅಧಿಕೃತವಾಗಿ ಮುಗಿಯುವುದು ಸೆಪ್ಟೆಂಬರ್ 30ಕ್ಕೆ, ಕೆಲವು ಫಲಿತಾಂಶ ನೀವು ಊರು ಸೇರಿದ ಮೇಲೆ ಬರುತ್ತವೆ. ವಿಶ್ವವಿದ್ಯಾಲಯದ ಇಮೇಲ್ ಖಾತೆ ಎಲ್ಲಿಯ ತನಕ ತೆರೆದಿರುತ್ತದೆ ಎಂದು ಹೊರಡುವ ಮುನ್ನ ಕೇಳಿ, ಅಂಕಪಟ್ಟಿಯನ್ನು ಸ್ವಂತ ಇಮೇಲಿಗೂ ಕಳಿಸಲು ಬರೆದುಕೊಟ್ಟು ಬನ್ನಿ.