ಅಣ್ಣನಿಗೆ 34ರಲ್ಲೇ ಪಾರ್ಕಿನ್ಸನ್, ನನಗೂ ಬರುವುದೇ? – ಪ್ರತಿಕ್ರಿಯೆ

ತಾವು ಪ್ರಶ್ನೆಯಲ್ಲಿ ಬರೆದಿರುವಂತೆ ತಮ್ಮ ತಂದೆಯವರು ತಮ್ಮ ಸ್ವಂತ ಅಕ್ಕನ ಮಗಳನ್ನೇ ಮದುವೆಯಾಗಿದ್ದು, ಅಣ್ಣನಿಗೆ 34ರಲ್ಲೇ ಕೈನಡುಕ ಆರಂಭವಾಗಿರುವುದರಿಂದ, ಎರಡೂ ಪ್ರತಿ ಕೆಟ್ಟರೆ ಚಿಕ್ಕ ವಯಸ್ಸಿನಲ್ಲೇ ಪಾರ್ಕಿನ್ಸನ್ ತರಬಲ್ಲ ಪಾರ್ಕಿನ್ ಎಂಬ ಜೀನಿನ ದೋಷಯುಕ್ತ ಪ್ರತಿ ತಂದೆತಾಯಿ ಇಬ್ಬರಿಂದಲೂ ಅವರಿಗೆ ಬಂದಿರಬಹುದು. ಪರೀಕ್ಷೆಯಾಗುವವರೆಗೆ ಇದು ಊಹೆಯಷ್ಟೇ. ಮೊದಲು ಹಾಸನದಲ್ಲೇ ನರರೋಗ ತಜ್ಞರಿಗೆ ತೋರಿಸಿ, ದೇಹದಲ್ಲಿ ತಾಮ್ರ ಶೇಖರವಾಗುವ ವಿಲ್ಸನ್ ಕಾಯಿಲೆ ಅಲ್ಲವೆಂದು ಖಚಿತಪಡಿಸಿಕೊಳ್ಳಿ, ಏಕೆಂದರೆ ಅದರ ಚಿಕಿತ್ಸೆಯೇ ಬೇರೆ. ಬಳಿಕ ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಆನುವಂಶಿಕ ಸಲಹೆ ಪಡೆದು, ತಮ್ಮದಲ್ಲ, ಅಣ್ಣನ ರಕ್ತವನ್ನೇ ಮೊದಲು ಪರೀಕ್ಷೆಗೆ ಕೊಡಿಸಿ. ಜೀನಿನ ಒಂದು ತುಂಡೇ ಕಳಚಿಹೋಗಿದ್ದರೆ ಸಾಮಾನ್ಯ ಪರೀಕ್ಷೆಯ ಕಣ್ಣಿಗೆ ಅದು ಬೀಳದಿರಬಹುದು (ನಮ್ಮ ಅಕ್ಕನ ಮೊದಲ ವರದಿ ‘ದೋಷವಿಲ್ಲ’ ಎಂದೇ ಬಂದಿತ್ತು), ಆದ್ದರಿಂದ ಹೀಗೆ ಕಳಚಿದ ತುಂಡುಗಳನ್ನು ಪತ್ತೆಹಚ್ಚುವ ಎಂಎಲ್‌ಪಿಎ ಪರೀಕ್ಷೆಯನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ. ಪಾರ್ಕಿನ್ ಎಂದೇ ತಿಳಿದುಬಂದರೆ, ತಮಗೂ ಎರಡೂ ದೋಷಪ್ರತಿಗಳು ಬಂದಿರುವ ಸಂಭವ 4ರಲ್ಲಿ 1. ಆಗ ತಮ್ಮ ಪರೀಕ್ಷೆ ಬೇಕೋ ಬೇಡವೋ ಎಂಬುದನ್ನು ಸಲಹೆಗಾರರೊಂದಿಗೆ ಕುಳಿತು ತಾವೇ ನಿರ್ಧರಿಸಬಹುದು.