ಬೆಳಿಗ್ಗೆ ಏಳಲಾಗದವಳು ಸಂಜೆ ಕುಂಟೆಬಿಲ್ಲೆ ಆಡುತ್ತಾಳೆ

ಪ್ರಶ್ನೆ: ಮಗಳಿಗೆ 9 ವರ್ಷ. ಎರಡು ವರ್ಷದಿಂದ ಮಂಡಿ, ಮಣಿಕಟ್ಟುಗಳಲ್ಲಿ ಸಂಧಿವಾತ. ಔಷಧಿ ನಡೆಯುತ್ತಿದೆ. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಅಳುತ್ತಾಳೆ. ಯೂನಿಫಾರ್ಮಿನ ಗುಂಡಿ, ಜಡೆ, ತಿಂಡಿ ತಿನ್ನಿಸುವುದು ಎಲ್ಲ ನನ್ನದೇ. ಸಂಜೆ ಮಾತ್ರ ಕುಂಟೆಬಿಲ್ಲೆ ಆಡುತ್ತಾಳೆ. "ಎಲ್ಲ ನಾಟಕ, ಮುದ್ದು ಮಾಡಿ ಕೆಡಿಸಿದ್ದೀಯ" ಅನ್ನುತ್ತಾರೆ ಅತ್ತೆ. ಮೊನ್ನೆ ನನಗೂ ಸಿಟ್ಟು ಬಂದು ಹೊಡೆದುಬಿಟ್ಟೆ. ನಾನು ಮಾಡಿಕೊಡುತ್ತಿರುವುದು ತಪ್ಪಾ?

ಉತ್ತರ: ಅವಳದು ನಾಟಕವಲ್ಲ. ಬೆಳಿಗ್ಗೆ ಅಳುವುದೂ ನಿಜ, ಸಂಜೆ ಆಡುವುದೂ ನಿಜ. ಈ ಕಾಯಿಲೆಯ ಗುಣವೇ ಹಾಗೆ. ರಾತ್ರಿಯೆಲ್ಲ ಅಲುಗಾಡದೆ ಮಲಗಿದಾಗ ಊದಿದ ಕೀಲು ಬಿಗಿದುಕೊಳ್ಳುತ್ತದೆ, ಓಡಾಡಿದ ಹಾಗೆ ಸಡಿಲವಾಗುತ್ತದೆ. ತರಗತಿಯಲ್ಲಿ ಜಾಸ್ತಿ ಹೊತ್ತು ಕೂತರೂ ಹೀಗೇ ಆಗುತ್ತದೆ. ಮುಂದಿನ ಸಲ ಅತ್ತೆಯವರನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಸಂಧಿವಾತ ವಯಸ್ಸಾದವರದ್ದು ಅಂತಲೇ ಅವರು ತಿಳಿದಿರಬಹುದು. 16 ವರ್ಷದೊಳಗೆ ಶುರುವಾಗುವ ಬಗೆಯೇ ಬೇರೆ ಇದೆ ಅಂತ ಡಾಕ್ಟರ ಬಾಯಿಂದ ಕೇಳಲಿ.

ಬಿಗಿತ ಎಷ್ಟು ಹೊತ್ತು ಇರುತ್ತದೆ ಅಂತ ಒಂದು ವಾರ ಗಡಿಯಾರ ನೋಡಿ ಬರೆದಿಡಿ. ಇಪ್ಪತ್ತು ನಿಮಿಷವೋ, ಎರಡು ಗಂಟೆಯೋ ಅನ್ನುವುದರಿಂದ ಕಾಯಿಲೆ ಎಷ್ಟು ಹತೋಟಿಯಲ್ಲಿದೆ ಅನ್ನುವ ಅಂದಾಜು ಡಾಕ್ಟರಿಗೆ ಸಿಗುತ್ತದೆ. ಎರಡು ವರ್ಷದ ಔಷಧಿಯ ಮೇಲೂ ದಿನಾ ಅಳುತ್ತಿದ್ದರೆ ಅವರಿಗೆ ಅದು ಗೊತ್ತಾಗಲೇಬೇಕು.

ಇನ್ನು ನಿಮ್ಮ ಪ್ರಶ್ನೆ. ಇಂಥ ಮಕ್ಕಳಿಗಾಗಿಯೇ ಡಾಕ್ಟರುಗಳ ಹತ್ತಿರ 30 ಪ್ರಶ್ನೆಗಳ ಒಂದು ಪಟ್ಟಿ ಇದೆ. ಕಳೆದ ಒಂದು ವಾರದಲ್ಲಿ ಬಟ್ಟೆ ಹಾಕಿಕೊಳ್ಳುವುದು, ನೆಲದಿಂದ ಏಳುವುದು, ಊಟ, ನಡಿಗೆ, ಸ್ನಾನ, ಮೇಲಿನ ವಸ್ತು ತೆಗೆದುಕೊಳ್ಳುವುದು, ನಲ್ಲಿ ತಿರುಗಿಸುವುದು, ಆಟ ಇದೆಲ್ಲ ಹೇಗಿತ್ತು ಅಂತ ಕೇಳುತ್ತಾರೆ. ಉತ್ತರ ನಾಲ್ಕೇ: ಸಲೀಸು, ಸ್ವಲ್ಪ ಕಷ್ಟ, ತುಂಬಾ ಕಷ್ಟ, ಆಗುವುದೇ ಇಲ್ಲ. ಮಗಳ ಜೊತೆ ಕೂತು ಹೀಗೇ ಬರೆಯಿರಿ. ಆಗುವುದೇ ಇಲ್ಲ ಅನ್ನುವುದನ್ನು ಸಂಕೋಚವಿಲ್ಲದೆ ನೀವೇ ಮಾಡಿಕೊಡಿ. ಕಷ್ಟ ಅನ್ನುವುದನ್ನು ಅವಳಿಗೇ ಬಿಡಿ, ಆದರೆ ಸಮಯ ಕೊಡಿ. ಈಗ ಅವಳಿಗಿಲ್ಲದ್ದು ಸಮಯ, ಅಲ್ವಾ? ಅರ್ಧ ಗಂಟೆ ಮೊದಲು ಎಬ್ಬಿಸಿ ಬಿಸಿನೀರಿನ ಸ್ನಾನ ಮಾಡಿಸಿ. ಆಮೇಲೆ ಗುಂಡಿ ಹಾಕಲು ಬೆರಳು ಬಗ್ಗುತ್ತದಾ ನೋಡಿ. ಬಗ್ಗದಿದ್ದರೆ ಗುಂಡಿಯ ಜಾಗಕ್ಕೆ ವೆಲ್ಕ್ರೋ ಹೊಲಿಸಿ. ಜಡೆ ನೀವೇ ಹಾಕಿ, 9 ವರ್ಷದ ಎಷ್ಟೋ ಹುಡುಗಿಯರಿಗೆ ಅಮ್ಮನೇ ಹಾಕುವುದು. ದೋಸೆ ಮುರಿದುಕೊಟ್ಟರೆ ಸಾಕು, ತಿನ್ನುವುದು ಅವಳೇ.

ಸಂಜೆಯ ಆಟ ನಿಲ್ಲಿಸಬೇಡಿ. ಅದರಿಂದಲೇ ಸ್ನಾಯು ಗಟ್ಟಿಯಾಗಿ ಕೀಲಿಗೆ ಆಸರೆ ಸಿಗುವುದು. ಮಂಡಿ ಊದಿ ಬಿಸಿಯಾಗಿರುವ ದಿನ ಮಾತ್ರ ಕುಂಟುವುದು, ಹಾರುವುದು ಬೇಡ.

ಹೊಡೆದದ್ದಕ್ಕೆ ಅವಳ ಹತ್ತಿರ ಕ್ಷಮೆ ಕೇಳಿ. ಈ ಮಾತು ನಿಮ್ಮನ್ನು ನೋಯಿಸಲು ಅಲ್ಲ. ನಾಟಕ ಅನ್ನಿಸಿಕೊಂಡ ಮಗು ನೋವನ್ನು ಹೇಳುವುದನ್ನೇ ಬಿಟ್ಟುಬಿಡುತ್ತದೆ. ಕ್ಷಮೆ ಕೇಳಿದ ಮೇಲೆ ಮೆಲ್ಲಗೆ ಇನ್ನೊಂದು ವಿಷಯ ವಿಚಾರಿಸಿ. ಸ್ಕೂಲಿನಲ್ಲಿ ನೀರು ಕುಡಿಯುತ್ತಾಳಾ? ಕುಕ್ಕರಗಾಲಲ್ಲಿ ಕೂರಲಾಗದ ಮಕ್ಕಳು ಟಾಯ್ಲೆಟ್ಟಿಗೆ ಹೋಗಬೇಕಾದೀತು ಅಂತ ದಿನವಿಡೀ ನೀರೇ ಮುಟ್ಟದಿರುವುದುಂಟು. ಹಾಗಿದ್ದರೆ ಟೀಚರ್ ಜೊತೆ ಮಾತಾಡಿ, ಕಮೋಡ್ ಇರುವ ಟಾಯ್ಲೆಟ್ ಬಳಸಲು ಬಿಡುವಂತೆ ಕೇಳಿ. ನೆಲದ ಬದಲು ಕುರ್ಚಿ, ಪೀರಿಯಡ್ ನಡುವೆ ಎದ್ದು ನಾಲ್ಕು ಹೆಜ್ಜೆ ನಡೆಯಲು ಅನುಮತಿ, ಇವೂ ಸಿಗಲಿ.

ನೀವು ಕೇಳದಿದ್ದರೂ ಒಂದು ಹೇಳಲೇಬೇಕು. ಈ ಕಾಯಿಲೆಯಲ್ಲಿ ಕಣ್ಣಿನ ಒಳಗೂ ಉರಿಯೂತ ಆಗಬಹುದು. ಹೆಚ್ಚಿನ ಸಲ ಕಣ್ಣು ಕೆಂಪಾಗುವುದಿಲ್ಲ, ನೋಯುವುದಿಲ್ಲ, ಮಗುವಿಗೆ ಗೊತ್ತೇ ಆಗುವುದಿಲ್ಲ. ಬಿಟ್ಟರೆ ದೃಷ್ಟಿಯೇ ಹೋಗಬಹುದು. ಕೆಲವು ತಿಂಗಳಿಗೊಮ್ಮೆ ಕಣ್ಣಿನ ಡಾಕ್ಟರು ಸ್ಲಿಟ್ ಲ್ಯಾಂಪ್ ಅನ್ನುವ, ಕಣ್ಣಿನ ಒಳಗನ್ನು ದೊಡ್ಡದಾಗಿ ತೋರಿಸುವ ಉಪಕರಣದಲ್ಲಿ ನೋಡಬೇಕು. ಕೊನೆಯ ಸಲ ತೋರಿಸಿದ್ದು ಯಾವಾಗ? ನೆನಪಾಗದಿದ್ದರೆ ಈ ವಾರವೇ ಹೋಗಿಬನ್ನಿ.