ನಲವತ್ತು ದಾಟಿದ ಮೇಲೆ ಹೊಸದನ್ನು ಕಲಿಯಲು ಮನಸ್ಸು ಹಿಂಜರಿಯುತ್ತಿದೆ. ಇದನ್ನು ಗೆಲ್ಲುವುದು ಹೇಗೆ?

ಕನ್ನಡ ಮಾಧ್ಯಮದಲ್ಲಿ ಓದಿ ಕಾಸರಗೋಡಿನ ಸಹಕಾರಿ ಬ್ಯಾಂಕೊಂದರಲ್ಲಿ ಗುಮಾಸ್ತರಾಗಿರುವ ತಮಗೆ ಬಡ್ತಿ ಬಂದಿದೆಯೆಂದೂ, ಅದನ್ನು ಒಪ್ಪಿಕೊಂಡರೆ ಚಂದ್ರಗಿರಿ ಹೊಳೆಯಾಚೆಯ ಶಾಖೆಯಲ್ಲಿ ಮಲಯಾಳದಲ್ಲೇ ಕಡತ ಬರೆಯಬೇಕಾಗುತ್ತದೆಂದೂ, ಕಲಿಯಲೇಬೇಕೆಂದು ಗೊತ್ತಿದ್ದರೂ ಪುಸ್ತಕ ತೆರೆದೊಡನೆ ಏನಾದರೊಂದು ನೆಪ ಸಿಕ್ಕಿ ಎದ್ದುಬಿಡುತ್ತೀರೆಂದೂ ಬರೆದಿದ್ದೀರಿ. ಇದು ಸೋಮಾರಿತನವೇ ಎಂಬುದು ತಮ್ಮ ಪ್ರಶ್ನೆ. ಅಲ್ಲವೆಂದು ನಾನು ದೃಢವಾಗಿ ಹೇಳುತ್ತೇನೆ. ಕುಂಬಳೆ ಸೀಮೆಯಲ್ಲಿ ಕನ್ನಡ ಅಧ್ಯಾಪಕನಾಗಿ ದುಡಿದು ನಿವೃತ್ತನಾದವನು ನಾನು. ಮಲಯಾಳ ಓದಲು, ಬರೆಯಲು ಕಲಿತದ್ದು ನಡುವಯಸ್ಸು ದಾಟಿದ ಮೇಲೆ. ನಾನು ಕಂಡಂತೆ, ಹಿಂಜರಿಯುವ ಮನಸ್ಸು ಸುಮ್ಮನೆ ಕುಳಿತಿರುವುದಿಲ್ಲ, ಅದು ಯಾವುದೋ ಒಂದನ್ನು ಕಾಯುತ್ತಿರುತ್ತದೆ. ಅದೇನೆಂದು ತಿಳಿಯದೆ ಎಷ್ಟು ಸಂಕಲ್ಪ ಮಾಡಿದರೂ ಪ್ರಯೋಜನವಾಗದು.

ಅಂದಿನ ಜರ್ಮನಿಯಲ್ಲಿ ಹುಟ್ಟಿ 1933ರಲ್ಲಿ ಅಮೆರಿಕಕ್ಕೆ ತೆರಳಿದ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಇದನ್ನು ಸ್ಪಷ್ಟವಾಗಿ ವಿವರಿಸಿದ್ದಾರೆ. ಮನುಷ್ಯ ಇರುವಲ್ಲೇ ಇರುವುದು ಅವನನ್ನು ಮುಂದಕ್ಕೆ ತಳ್ಳುವ ಬಲಗಳೂ ಹಿಂದಕ್ಕೆ ಹಿಡಿಯುವ ಬಲಗಳೂ ಸಮವಾಗಿರುವುದರಿಂದ. ತಳ್ಳುವ ಬಲವನ್ನೇ ಹೆಚ್ಚಿಸುತ್ತ ಹೋದರೆ ಒಳಗಿನ ಒತ್ತಡ ಏರುತ್ತದೆ, ಹಿಡಿದಿರುವುದನ್ನು ಸಡಿಲಿಸಿದರೆ ಅಷ್ಟು ಒತ್ತಡವಿಲ್ಲದೆ ಚಲನೆ ಸಾಧ್ಯವಾಗುತ್ತದೆ. ನಮ್ಮ ಕಡೆಯ ಕೃಷಿಕರ ಅನುಭವವೂ ಇದನ್ನೇ ಹೇಳುತ್ತದೆ. 1970ರ ದಶಕದಲ್ಲಿ ಅಡಿಕೆ ತೋಟಗಳ ನಡುವೆ ಕೊಕ್ಕೊ ಬೆಳೆ ಹಬ್ಬಿತು. ಆಮೇಲೆ ಬೆಲೆ ಕುಸಿದಾಗ ಬಹಳ ಮಂದಿ ಗಿಡಗಳನ್ನು ಕಡಿದುಹಾಕಿದರು. ಅಂಥವರಿಗೆ ಕೊಕ್ಕೊದ ಗುಣಗಾನ ಮಾಡಿ ಫಲವಿರಲಿಲ್ಲ, ಏಕೆಂದರೆ ಕೊಯ್ದ ಕಾಯಿಯನ್ನು ಯಾರು ಕೊಳ್ಳುತ್ತಾರೆಂಬ ಭಯ ನಿಜವಾದ ಭಯವಾಗಿತ್ತು. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೊ ಖರೀದಿಗೆ ಇಳಿದು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನು ಆರಂಭಿಸಿದ್ದು ಆ ಭಯಕ್ಕೆ ಸಿಕ್ಕ ಉತ್ತರ.

ಹಾಗಾದರೆ ತಮ್ಮ ಮನಸ್ಸು ಏನನ್ನು ಕಾಯುತ್ತಿದೆ? ಮನೆಯ ಕಾರಣವಾದರೆ, ಅಂದರೆ ವಯಸ್ಸಾದ ತಾಯಿಯನ್ನೋ ನೋಡಿಕೊಳ್ಳುವವರಿಲ್ಲದ ತೋಟವನ್ನೋ ಬಿಟ್ಟು ಹೋಗಲಾಗದಿದ್ದರೆ, ಬಡ್ತಿಯನ್ನು ನಿರಾಕರಿಸುವುದರಲ್ಲಿ ಯಾವ ಅವಮಾನವೂ ಇಲ್ಲ. ಎಲ್ಲ ಬದಲಾವಣೆಯೂ ಬೆಳವಣಿಗೆಯಲ್ಲ. ಆದರೆ ತಮ್ಮ ಪತ್ರದಲ್ಲಿ ಅಂಥ ಮಾತು ಇಲ್ಲ. ‘ಮಲಯಾಳದಲ್ಲಿ ಬರೆಯತೊಡಗಿದರೆ ನಾನು ನಾನಾಗಿ ಉಳಿಯುವೆನೇ’ ಎಂಬ ಒಂದು ವಾಕ್ಯವಿದೆ. ನನಗೆ ಅದೇ ಮುಖ್ಯವಾಗಿ ಕಂಡಿತು.

ಈ ಅಳುಕು ತಮ್ಮೊಬ್ಬರದಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿನ ಕನ್ನಡಿಗರು ಶಾಲೆಗಾಗಿ, ಅಧ್ಯಾಪಕರಿಗಾಗಿ, ಕನ್ನಡದಲ್ಲಿ ಅರ್ಜಿ ನಮೂನೆಗಾಗಿ ಎಷ್ಟು ಹೋರಾಡಬೇಕಾಯಿತೆಂಬುದನ್ನು ನೋಡುತ್ತ ಬೆಳೆದವರಿಗೆ ಇನ್ನೊಂದು ಭಾಷೆಯನ್ನು ಕಲಿಯುವುದು ತಮ್ಮವರ ಕೈಬಿಟ್ಟಂತೆ ತೋರುವುದು ಸಹಜ. ಆ ನಿಷ್ಠೆಯನ್ನು ನಾನು ಗೌರವಿಸುತ್ತೇನೆ, ಅದನ್ನು ಕಿತ್ತೆಸೆಯಿರೆಂದು ಎಂದೂ ಹೇಳಲಾರೆ. ಅದಕ್ಕೆ ಬೇರೆಯೇ ಒಂದು ಭದ್ರವಾದ ಜಾಗ ಕೊಡಿ ಎನ್ನುತ್ತೇನೆ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ತನ್ನ ಅಹವಾಲನ್ನು ಅಧಿಕಾರಿಗಳಿಗೆ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಪ್ರತಿಯೊಬ್ಬನಿಗೂ ಕೊಟ್ಟಿದೆ, ಮತ್ತು ತಾವು ಮಲಯಾಳ ಕಲಿತರೆ ಆ ಹಕ್ಕಿನಲ್ಲಿ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಮನೆಯ ಲೆಕ್ಕ, ಮಕ್ಕಳ ಓದು, ತಾವು ಓದುವ ಪತ್ರಿಕೆ ಕನ್ನಡದಲ್ಲೇ ಇರಲಿ. ಇನ್ನೂ ಒಂದು ಮಾತು: ಸಾಲದ ನೋಟಿಸು ಮಲಯಾಳದಲ್ಲಿ ಬಂದಾಗ ಅದನ್ನು ಹಿಡಿದುಕೊಂಡು ದಿಕ್ಕುತೋಚದೆ ನಿಲ್ಲುವ ನಮ್ಮ ಹಿರಿಯರನ್ನು ತಾವು ಕಂಡಿರುತ್ತೀರಿ. ಅವರಿಗೆ ಅದರ ಅರ್ಥವನ್ನು ಕನ್ನಡದಲ್ಲೋ ತುಳುವಿನಲ್ಲೋ ಬಿಡಿಸಿ ಹೇಳಬಲ್ಲ ಅಧಿಕಾರಿ ಬೇಕಾಗಿರುವುದು ಬ್ಯಾಂಕಿನ ಒಳಗೇ.

ಮಂಜೇಶ್ವರದ ಗೋವಿಂದ ಪೈಗಳನ್ನು ನಾನು ತರಗತಿಯಲ್ಲಿ ಪಾಠ ಮಾಡುವಾಗ ಒಂದು ಸಂಗತಿಯನ್ನು ಬಿಡದೆ ಹೇಳುತ್ತಿದ್ದೆ. ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕೆಂಬ ಪ್ರಾಸದ ಕಟ್ಟು ಕನ್ನಡ ಕಾವ್ಯದಲ್ಲಿ ಶತಮಾನಗಳಿಂದ ನಡೆದುಬಂದದ್ದು. ಅವರು 1911ರಲ್ಲಿ ಅದನ್ನು ಬಿಟ್ಟರು, ಸಂಪ್ರದಾಯಸ್ಥರ ವಿರೋಧವನ್ನೂ ಎದುರಿಸಿದರು. ಆದರೆ ಛಂದಸ್ಸನ್ನು ಬಿಡಲಿಲ್ಲ, ಹಳಗನ್ನಡದ ಶಬ್ದಸಂಪತ್ತನ್ನು ಬಿಡಲಿಲ್ಲ. ಮನೆಮಾತು ಕೊಂಕಣಿಯಾಗಿದ್ದ ಅವರು ಹತ್ತಾರು ಭಾಷೆಗಳನ್ನು ಕಲಿತರು, ಆದರೂ ಕನ್ನಡದ ಕವಿಯಾಗಿಯೇ ಉಳಿದರು. ಯಾವುದನ್ನು ಉಳಿಸಿಕೊಳ್ಳಬೇಕೆಂಬ ನಿಶ್ಚಯ ಇದ್ದುದರಿಂದಲೇ ಇನ್ನೊಂದನ್ನು ಬಿಡುವ ಧೈರ್ಯ ಅವರಿಗೆ ಬಂದಿರಬೇಕೆಂದು ನನ್ನ ಊಹೆ.

ಇನ್ನೊಂದು ತಡೆಯೂ ಇರಬಹುದು, ಅದನ್ನು ಒಪ್ಪಿಕೊಳ್ಳುವುದು ಹೆಚ್ಚು ಕಷ್ಟ. ಇಷ್ಟು ವರ್ಷ ಕಿರಿಯರಿಗೆ ಕೆಲಸ ಹೇಳಿಕೊಟ್ಟವರು ಅವರ ಎದುರಿನಲ್ಲೇ ಅಕ್ಷರ ತಪ್ಪುತ್ತ ಬರೆಯಬೇಕಾಗುತ್ತದೆ. ಇದಕ್ಕೆ ಧೈರ್ಯದ ಉಪದೇಶ ಸಾಲದು, ತಪ್ಪಲು ಅವಕಾಶವಿರುವ ಒಂದು ಸ್ಥಳ ಬೇಕು. ಕಚೇರಿಗೆ ಸಂಬಂಧವಿಲ್ಲದ, ತಮ್ಮ ಮೇಲೆ ಗೌರವವಿರುವ ಒಬ್ಬರನ್ನು ಹುಡುಕಿ, ಅವರಿಗೆ ಮಾತ್ರ ತಮ್ಮ ಬರವಣಿಗೆಯನ್ನು ತೋರಿಸಿ. ಆರಂಭವೂ ತಾವು ಅಂದುಕೊಂಡಷ್ಟು ದೂರದಿಂದಲ್ಲ. ಮಾತು ಬಸ್ಸಿನಲ್ಲಿ, ಸಂತೆಯಲ್ಲಿ ಈಗಾಗಲೇ ಕಿವಿಗೆ ಬಿದ್ದಿದೆ. ಅಕ್ಷರಮಾಲೆಯ ಕ್ರಮ ನಮ್ಮದೇ, ಹೊಸದು ಅಕ್ಷರದ ಆಕಾರ. ಹೊಸಗನ್ನಡದಿಂದ ಮರೆಯಾದ ಱ ಮತ್ತು ೞ ಮಲಯಾಳದಲ್ಲಿ ಇಂದಿಗೂ ಜೀವಂತವಾಗಿವೆ. ಹಳಗನ್ನಡ ಪಾಠ ಮಾಡಿದವನಾದ ನನಗೆ ಅವನ್ನು ಅಲ್ಲಿ ಕಂಡಾಗ ಆದ ಸಂತೋಷ ಕಲಿಕೆಯನ್ನು ಎಷ್ಟೋ ಹಗುರಗೊಳಿಸಿತು.

ಕಾಲದ ವಿಷಯದಲ್ಲಿ ಆತುರ ಬೇಡ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು ದಿನನಿತ್ಯದ ಸಣ್ಣ ಅಭ್ಯಾಸಗಳನ್ನು ಗಮನಿಸಿದಾಗ, ಒಂದು ಕೆಲಸ ತಾನಾಗಿ ನಡೆಯುವಷ್ಟು ರೂಢಿಯಾಗಲು ಸುಮಾರು 66 ದಿನ ಬೇಕಾಗುವುದೆಂದೂ, ಆದರೆ ವ್ಯಕ್ತಿಯಿಂದ ವ್ಯಕ್ತಿಗೆ ಇದು 18ರಿಂದ 254 ದಿನಗಳವರೆಗೆ ಬದಲಾಗುವುದೆಂದೂ ಕಂಡುಕೊಂಡರು. ನಡುವೆ ಒಂದು ದಿನ ತಪ್ಪಿದರೆ ಅದರಿಂದ ದೊಡ್ಡ ಹಾನಿಯಿಲ್ಲವೆಂಬುದನ್ನೂ ಕಂಡರು. ಭಾಷೆ ಕಲಿಯುವುದು ಅದಕ್ಕಿಂತ ದೀರ್ಘವಾದ ಕೆಲಸ. ಆದರೂ ದಿನಾ ಪುಸ್ತಕದ ಮುಂದೆ ಕುಳಿತುಕೊಳ್ಳುವ ರೂಢಿಗೆ ಈ ಮಾತು ಅನ್ವಯಿಸುತ್ತದೆ. ಬೆಳಗಿನ ಚಹಾ ಮುಗಿದೊಡನೆ ಎಂಬಂತೆ, ಈಗಾಗಲೇ ಇರುವ ಒಂದು ಅಭ್ಯಾಸದ ಬೆನ್ನಿಗೇ ಅದನ್ನು ಇಟ್ಟುಕೊಳ್ಳಿ.

ಬಡ್ತಿಗೆ ಉತ್ತರ ಕೊಡುವ ಮುನ್ನ ಆ ಶಾಖೆಗೆ ಒಮ್ಮೆ ಹೋಗಿ, ತಮ್ಮ ಸ್ಥಾನದಲ್ಲಿರುವವರು ನಿತ್ಯ ಬರೆಯುವ ಕಾಗದಗಳು ಯಾವುವೆಂದು ವಿಚಾರಿಸಿ. ಬ್ಯಾಂಕಿನ ಬರವಣಿಗೆಯಲ್ಲಿ ಹೆಚ್ಚಿನದು ಕಟ್ಟಿಟ್ಟ ನಮೂನೆ: ಸಾಲದ ಶಿಫಾರಸು, ಬಾಕಿಯ ನೋಟಿಸು, ಆಡಳಿತ ಮಂಡಳಿಗೆ ಟಿಪ್ಪಣಿ. ಅವುಗಳ ಖಾಲಿ ಪ್ರತಿಗಳನ್ನು ಕೇಳಿ ತನ್ನಿ. ತಮ್ಮ ಮೊದಲ ಪಠ್ಯಪುಸ್ತಕ ಅದೇ ಆಗಲಿ, ಮಕ್ಕಳ ವರ್ಣಮಾಲೆ ಪುಸ್ತಕ ಅದರ ಪಕ್ಕದಲ್ಲಿರಲಿ. ಯಾವ ಕಾಗದದಲ್ಲಿ ತೊಡಕಾಯಿತೆಂದು ಇಲ್ಲಿಯೇ ಬರೆದು ತಿಳಿಸಿದರೆ, ನನಗೆ ಗೊತ್ತಿರುವಷ್ಟನ್ನು ಸಂತೋಷದಿಂದ ಹೇಳಿಕೊಡುತ್ತೇನೆ.